ಹನ್ನೆರಡರಲ್ಲಿ ಒಂದು

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದಿತ್ತು. ಬಸವನಗುಡಿಯ ಕಾಲೇಜೊಂದರಲ್ಲಿ ಹೈಸ್ಕೂಲು ಮಕ್ಕಳಿಗೆಂದು ಗಣಿತ, ವಿಜ್ಞಾನದ ಶಿಬಿರ ನಡೆಯುತ್ತದೆ, ಹೋಗಿ ಬಾ ಎಂದು ನಮ್ಮ ಹೆಡ್‌ಮಿಸ್ಸು ನನ್ನ ಹೆಸರು ಕೊಟ್ಟುಬಿಟ್ಟರು. ರಜೆಯಲ್ಲೂ ಪಾಠ ಎಂದರೆ ಚಾಮರಾಜಪೇಟೆಯ ನಮ್ಮ ವಠಾರದವರ ಪಾಲಿಗೆ ಅದು ಶಿಕ್ಷೆಯೇ. "ಫೇಲಾದ್ಯೇನೇ?" ಎಂದು ಪಕ್ಕದ ಮನೆಯಾಕೆ ಕೇಳಿದರು. ಫಸ್ಟ್ ಬಂದದ್ದಕ್ಕೇ ಕಳಿಸುತ್ತಿದ್ದಾರೆ ಎಂದರೆ ನಂಬಲಿಲ್ಲ. ನನಗೆ ಆಗಲೂ ಮೂಗಿನ ತುದಿಯಲ್ಲೇ ಸಿಟ್ಟು. ಅವರ ಮಗನ ಮಾರ್ಕ್ಸು ಎಷ್ಟು ಎಂದು ಅಲ್ಲೇ ವಿಚಾರಿಸಿ ಅವರ ಬಾಯಿ ಮುಚ್ಚಿಸಿದೆ.

ಮೊದಲ ವಾರಗಳಲ್ಲಿ ಗಣಿತದ ಮೇಷ್ಟ್ರು ನಮ್ಮಿಂದ ನಾಣ್ಯ ಚಿಮ್ಮಿಸಿದರು. ಇಡೀ ಬೆಳಿಗ್ಗೆ ಅದೇ ಕೆಲಸ. ಸತತವಾಗಿ ಸಿಂಹವೇ ಬಿದ್ದರೆ ಮುಂದಿನ ಸಲ ಏನು ಬೀಳುತ್ತದೆ ಎಂದು ಕೇಳಿದಾಗ ನಾವೆಲ್ಲ ಒಟ್ಟಿಗೆ "ಅಂಕಿ ಸಾರ್" ಎಂದು ಕೂಗಿದೆವು. ಅವರು ತಲೆಯಾಡಿಸಿದರು. ಹಿಂದೆ ಏನು ಬಿದ್ದಿತ್ತು ಅನ್ನುವುದು ನಾಣ್ಯಕ್ಕೆ ಗೊತ್ತಿರುವುದಿಲ್ಲ, ಪ್ರತಿ ಸಲವೂ ಅದು ಹೊಸದಾಗಿಯೇ ಬೀಳುತ್ತದೆ ಎಂದರು. ಇಷ್ಟು ಸಣ್ಣ ವಿಷಯ ಅರ್ಥವಾಗಲು ನಮಗೆ ಎರಡು ದಿನ ಬೇಕಾಯಿತು. ಹನ್ನೊಂದು ಗಂಟೆಗೆ ಉಪ್ಪಿಟ್ಟು ಕೊಡುತ್ತಿದ್ದರು, ಅದು ಮಾತ್ರ ಎಲ್ಲರಿಗೂ ತಕ್ಷಣ ಅರ್ಥವಾಗುತ್ತಿತ್ತು.

ಆಮೇಲೆ ಜೀವಶಾಸ್ತ್ರದ ಮೇಡಂ ಬಂದರು. ತೆಳ್ಳಗಿನ ಹೆಂಗಸು, ಹತ್ತಿ ಸೀರೆ, ಮೆತ್ತನೆಯ ದನಿ. ಮನೆತನದ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದು ಬರುತ್ತವೆ ಎನ್ನುವುದು ಅವರ ಪಾಠ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಮದುವೆಗೆ ನಡುವೆ ಒಂದು ಗೆರೆ, ಸಂಬಂಧದೊಳಗೇ ಮದುವೆಯಾಗಿದ್ದರೆ ಎರಡು ಗೆರೆ. ನಿಮ್ಮ ನಿಮ್ಮ ಮನೆಯವರನ್ನು ಹೀಗೆ ಬರೆಯಿರಿ ಎಂದರು. ಬರೆದು ನೋಡಿದರೆ ಅರ್ಧ ತರಗತಿಯ ಹಾಳೆಗಳಲ್ಲಿ ಎರಡು ಗೆರೆ! ಹುಡುಗರು ಕಿಸಕ್ಕನೆ ನಕ್ಕರು. "ನಗಬೇಡ್ರಪ್ಪಾ, ನಮ್ಮೆಜಮಾನ್ರು ನನ್ನ ಸೋದರತ್ತೆ ಮಗ" ಎಂದು ಮೇಡಂ ತಾವೂ ನಕ್ಕರು.

ನನ್ನ ಹಾಳೆಯಲ್ಲೂ ಎರಡು ಗೆರೆ ಇತ್ತು. ಅಪ್ಪನೇ ಅಮ್ಮನಿಗೆ ಸೋದರಮಾವ, ಅಂದರೆ ಅಮ್ಮನ ತಾಯಿಯ ತಮ್ಮ. ನಗರ್ತಪೇಟೆಯಲ್ಲಿ ಅಪ್ಪನಿಗೆ ದಾರ, ಗುಂಡಿ, ಲೇಸು ಮಾರುವ ಸಣ್ಣ ಅಂಗಡಿ. ಅವರಿಗೆ ಹುಟ್ಟಿದವರು ನಾಲ್ವರು. ಮೊದಲನೆಯದು ಹಸುಗೂಸಾಗಿದ್ದಾಗಲೇ ಹೋಯಿತು. ಆಮೇಲೆ ಅಕ್ಕ, ಆಮೇಲೆ ನಾನು, ಕೊನೆಗೆ ತಮ್ಮ. ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅಂಥ ಗುಣ ಇರುವವರ ಚೌಕವನ್ನು ಕಪ್ಪಾಗಿ ತುಂಬಿ ಎಂದು ಮೇಡಂ ಹೇಳಿದ್ದರು. ನಾನು ಪೆನ್ಸಿಲಿನಿಂದ ತಮ್ಮನ ಚೌಕವನ್ನು ತುಂಬುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದೆ. ಏಕೆಂದರೆ ಇನ್ನೊಂದು ಜೋಡಿ ಗೆರೆ ಎಳೆಯುವುದು ಬಾಕಿ ಇತ್ತು. ಅಮ್ಮನ ತಮ್ಮನಿಗೇ, ಅಂದರೆ ನಮ್ಮ ಮಾವನಿಗೇ ಅಕ್ಕನನ್ನು ಕೊಡುವುದೆಂದು ಯುಗಾದಿಯ ದಿನ ಮಾತಾಗಿತ್ತು. ಶ್ರಾವಣದಲ್ಲಿ ಮದುವೆ.

ಪಾಠ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಈ ಕಿವುಡು ಮನೆತನದಲ್ಲಿ ಅಡಗಿ ಬರುವಂಥದ್ದಾದರೆ ಅದನ್ನು ಹೊತ್ತವರಿಗೆ ಏನೂ ಆಗಿರುವುದಿಲ್ಲ, ಹೊತ್ತವರಿಬ್ಬರು ಮದುವೆಯಾದರೆ ಮಾತ್ರ ಮಗುವಿಗೆ ನಾಲ್ಕರಲ್ಲಿ ಒಂದು ಸಂಭವ. ಅಕ್ಕ ಹೊತ್ತಿರುವ ಸಂಭವ ಮೂರರಲ್ಲಿ ಎರಡು. ಮಾವನದು ಎರಡರಲ್ಲಿ ಒಂದು. ಮೂರನ್ನೂ ಗುಣಿಸು ಎಂದರು. ಗುಣಿಸಿದೆ. ಹನ್ನೆರಡರಲ್ಲಿ ಒಂದು. ಆ ಕ್ಷಣ ನನಗಾದದ್ದು ಖುಷಿ, ಇಷ್ಟು ಕಷ್ಟದ ಲೆಕ್ಕ ಇಷ್ಟು ಚೊಕ್ಕವಾಗಿ ಬಂತಲ್ಲ ಎಂದು. ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದು ಬರುತ್ತಾ ಅರ್ಧ ದಾರಿಯಲ್ಲಿ ಅಳು ಬಂತು.

ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ, ಸೊನ್ನೆ ಬರೆದು ಅಮ್ಮನಿಗೆ ಪಾಠ ಶುರುಮಾಡಿದೆ. ಅಮ್ಮ ಹುರುಳಿಕಾಯಿ ಸೋಸುತ್ತಾ ಕೇಳುತ್ತಿದ್ದಳು. ತಮ್ಮನಿಗೆ ಹೀಗಾದದ್ದು ತಾನು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಬಚ್ಚಲಿಗೆ ಹೋದದ್ದರಿಂದ ಎಂದು ಅವಳು ಅಷ್ಟು ವರ್ಷ ನಂಬಿ, ಒಳಗೇ ಬೇಯುತ್ತಿದ್ದಳು. ನಾಲ್ಕರಲ್ಲಿ ಒಂದು ಎಂಬ ಮಾತು ಕಿವಿಗೆ ಬೀಳುತ್ತಲೇ ಅವಳ ಮುಖ ಅರಳಿತು.

"ನಾಲ್ಕರಲ್ಲಿ ಒಂದಾ? ನನಗೆ ಹುಟ್ಟಿದ್ದು ನಾಲ್ಕೇ ಅಲ್ವೇನೇ? ಹಾಗಾದ್ರೆ ಆ ಒಂದು ಇವನೇ. ನಮ್ಮನೆ ಪಾಲು ಮುಗೀತು ಬಿಡು. ಎಲ್ಲರದ್ದೂ ಇವನೊಬ್ಬನೇ ಹೊತ್ಕೊಂಡು ಬಂದ್ಬಿಟ್ಟ, ನನ್ನ ಕಂದ."

"ಹಾಗಲ್ಲಮ್ಮಾ, ಪ್ರತಿ ಸಲಾನೂ ಹೊಸದಾಗೇ ಲೆಕ್ಕ" ಎಂದು ನಾನು ಕಿರುಚಿದೆ. ನಾಣ್ಯ ತಂದು ಚಿಮ್ಮಿ ತೋರಿಸಿದೆ. ಅಮ್ಮ ಕೇಳಲಿಲ್ಲ. ತಮ್ಮನನ್ನು ಹತ್ತಿರ ಎಳೆದುಕೊಂಡು ನೆಟಿಗೆ ಮುರಿದಳು. ನೆಲ ಒರೆಸಿಬಿಡು, ಅಪ್ಪ ಬರುವ ಹೊತ್ತಾಯಿತು ಎಂದಳು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಹೊರಗಿನ ಗಂಡುಗಳೂ ಬಂದಿದ್ದರು. ಬಂದವರು ಕೇಸರಿಬಾತು ತಿಂದು, ತಮ್ಮನನ್ನು ನೋಡಿ, ಹೋಗಿ ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಕೊನೆಗೆ ಅಪ್ಪ, ಗಂಡಿನವರು ಬರುವ ದಿನ ತಮ್ಮನನ್ನು ಪಕ್ಕದ ಮನೆಯಲ್ಲಿ ಬಿಡೋಣ ಎಂದಾಗ ಅಕ್ಕ ರೇಗಿಬಿಟ್ಟಳು. ಅವನನ್ನು ಎತ್ತಿ ಆಡಿಸಿದವಳು, ಕೈಸನ್ನೆಯ ಮಾತು ಕಟ್ಟಿ ಕಲಿಸಿದವಳು ಅವಳೇ. "ಇವನನ್ನ ಬಚ್ಚಿಟ್ಟು ನಾನು ಯಾವನಿಗೂ ಕುತ್ತಿಗೆ ಕೊಡಲ್ಲ" ಎಂದಿದ್ದಳು. ಅವನನ್ನು ಬಚ್ಚಿಡದೆ ಮದುವೆಯಾಗಬಹುದಾದ ಗಂಡಸು ಎಂದರೆ ಮಾವ ಒಬ್ಬನೇ. ಸಂಬಂಧದ ಮದುವೆಯಿಂದ ಕಿವುಡಾಯಿತು, ಕಿವುಡಿನಿಂದಾಗಿ ಮತ್ತೆ ಸಂಬಂಧದಲ್ಲೇ ಮದುವೆ. ನೆನೆದರೆ ಈಗಲೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುವುದಿಲ್ಲ.

ಅಕ್ಕನಿಗೆ ಮಾವ ಎಂದರೆ ಬರೀ ಅನಿವಾರ್ಯವಲ್ಲ, ಇಷ್ಟವೂ ಹೌದು. ಮಾವ ಗಾಂಧಿನಗರದಲ್ಲಿ ಸಿನಿಮಾ ಹಂಚಿಕೆದಾರರ ಆಫೀಸಿನಲ್ಲಿ ಗುಮಾಸ್ತ. ಪಾಸು ತಂದು ನಮ್ಮನ್ನು ಸಿನಿಮಾಕ್ಕೆ ಕರೆದೊಯ್ಯುತ್ತಿದ್ದ. ತಮ್ಮನಿಗೆ ಮಾತು ಕೇಳಿಸದಿದ್ದರೂ ಎಲ್ಲರಿಗಿಂತ ಮೊದಲೇ ನಗುತ್ತಿದ್ದ. ಆ ಭಾನುವಾರ ಸಿನಿಮಾ ಮುಗಿದ ಮೇಲೆ ಮಾವ ನಮ್ಮನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದ. ಅಕ್ಕ ಅವನಿಗೆ ವಿಷಯ ತಿಳಿಸಿದ್ದಳು.

"ನೀನು ಸರಿಯಾಗಿ ಹೇಳು ಮರಿ. ಎಷ್ಟು?" ಎಂದು ಕೇಳಿದ.

"ಹನ್ನೆರಡರಲ್ಲಿ ಒಂದು."

"ಅಂದ್ರೆ ಹನ್ನೊಂದು ಪಾಲು ಏನೂ ಆಗಲ್ಲ."

"ಹೂಂ."

"ಆ ಒಂದು ಪಾಲಲ್ಲಿ ಆದ್ರೂ ಏನೀಗ? ಇವನ ಥರ ಇರತ್ತೆ. ಇವನಿಗೇನಾಗಿದೆ, ರಾಜನ ಹಾಗಿದಾನೆ" ಎಂದು ಮಾವ ತಮ್ಮನ ತಲೆ ಸವರಿದ.

ಅಕ್ಕ ತಲೆಯೆತ್ತಲಿಲ್ಲ. "ನೀನು ಭಾನುವಾರದ ಮಾವ. ಮಿಕ್ಕ ದಿನ ನೀನು ನೋಡಿಲ್ಲ. ಹುಡುಗರು ಹಿಂದಿನಿಂದ ಕಲ್ಲು ಹೊಡೀತಾರೆ, ಅವರು ಕೂಗೋದು ಇವನಿಗೆ ಕೇಳ್ಸಲ್ಲ. ಕಲ್ಲು ಬಿದ್ದ ಮೇಲೇನೇ ತಿರುಗಿ ನೋಡ್ತಾನೆ. ಇನ್ನೊಂದನ್ನ ನೋಡೋಕೆ ನನ್ನ ಕೈಲಾಗಲ್ಲ ಮಾವ. ಮದುವೆ ಆಗ್ತೀನಿ. ಮಕ್ಕಳು ಬೇಡ."

ಮಾವ ಬಹಳ ಹೊತ್ತು ಕಡಲೆಕಾಯಿ ಸಿಪ್ಪೆಯನ್ನು ಪುಡಿ ಮಾಡುತ್ತಾ ಕೂತ. ಅವನಿಗೆ ಮಕ್ಕಳೆಂದರೆ ಪ್ರಾಣ, ವಠಾರದ ಮಕ್ಕಳೆಲ್ಲ ಅವನ ಬೆನ್ನ ಮೇಲೇ ಇರುತ್ತಿದ್ದವು. ಕೊನೆಗೆ "ಆಯ್ತು" ಎಂದ. ಅಷ್ಟೇ ಮಾತು.

ಶ್ರಾವಣದಲ್ಲಿ ಮದುವೆಯಾಯಿತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಗೋಡೆಗೋಡೆಯ ಮೇಲೂ ಇದ್ದ ಕಾಲ ಅದು. ಮಾವ ಒಂದು ದಿನ ಆಫೀಸಿಗೆ ರಜೆ ಹಾಕಿ, ಊರಾಚೆ ಯಾರೂ ಗುರುತು ಹಿಡಿಯದ ಕಡೆ ಒಂದು ಕ್ಯಾಂಪಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದ. ಗೊತ್ತಿದ್ದದ್ದು ಅವರಿಬ್ಬರಿಗೆ ಮತ್ತು ನನಗೆ ಮಾತ್ರ.

ಅಮ್ಮ ಕಾದಳು. ಮೊದಲ ವರ್ಷ ನಗುತ್ತಾ, ಆಮೇಲೆ ಅಳುತ್ತಾ. ನಾಗರಕಲ್ಲಿಗೆ ಹಾಲೆರೆಸಿದಳು, ಬನಶಂಕರಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿಸಿದಳು, ಅಶ್ವತ್ಥಕಟ್ಟೆ ಸುತ್ತಿಸಿದಳು. ಅಕ್ಕ ಒದ್ದೆ ಸೀರೆಯಲ್ಲಿ ಸುತ್ತಿದಳು, ಒಂದು ದಿನವೂ ಎದುರಾಡಲಿಲ್ಲ. ಯಾರದೋ ಸೀಮಂತದಲ್ಲಿ ಅಕ್ಕ ಆರತಿಗೆ ಕೈ ಹಾಕಿದಾಗ ಒಬ್ಬಾಕೆ ತಟ್ಟೆಯನ್ನು ಮೆಲ್ಲನೆ ಆಚೆ ಸರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಮನೆಗೆ ಬಂದು ಅಕ್ಕನ ಮೇಲೇ ಹಾರಾಡಿದೆ. ಅಮ್ಮನಿಗಾದರೂ ಹೇಳಬಾರದೇ ಎಂದೆ.

"ಏನಂತ ಹೇಳ್ಲಿ? ನೀನು ಅಪ್ಪನ್ನ ಮದುವೆ ಆಗಿದ್ದೇ ತಪ್ಪು ಅಂತಾನಾ? ಪಾಲು ಮುಗೀತು ಅಂತ ಒಂದು ಸಮಾಧಾನ ಇದೆ ಅವಳಿಗೆ. ಅದನ್ನ ಕಿತ್ಕೋಬೇಡ."

ನಾನು ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಗಣಿತ ಪಾಠ ಹೇಳುವವಳಾದೆ. ಸಂಭವನೀಯತೆಯ ಪಾಠ ಬಂದಾಗ ಇಸ್ಪೀಟಿನ ಎಲೆಗಳ ಲೆಕ್ಕಗಳನ್ನಷ್ಟೇ ಮಾಡಿಸಿ ಮುಂದೆ ಹೋಗುತ್ತೇನೆ. ಅವತ್ತು ನಾನು ಗುಣಿಸಿದ್ದು ತಪ್ಪು ಲೆಕ್ಕವಾಗಿದ್ದರೆ ಒಂದು ಸಲ ಬೈದುಕೊಂಡು ಬಿಡಬಹುದಿತ್ತು. ಅದು ಸರಿಯಾದ ಲೆಕ್ಕ. ಅದರಲ್ಲಿ ಹನ್ನೊಂದು ಪಾಲು ಕಿವಿ ಕೇಳುವ ಮಕ್ಕಳಿದ್ದರು.

ತಮ್ಮ ಬೆಳೆದು ಚಾಮರಾಜಪೇಟೆಯಲ್ಲೇ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ತನ್ನ ಕಿವುಡು ಮಕ್ಕಳ ಶಾಲೆಯಲ್ಲೇ ಓದಿದ, ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿದ್ದ ಹುಡುಗಿಯನ್ನು ಮದುವೆಯಾದ. ಎಂಬತ್ತರ ದಶಕದ ಕೊನೆಯಲ್ಲಿ ಅವರಿಗೊಂದು ಹೆಣ್ಣುಮಗು ಹುಟ್ಟಿತು. ಕುಕ್ಕರಿನ ಸಿಳ್ಳೆಗೆ ಮಗು ಬೆಚ್ಚಿ ಬಿದ್ದು ಅತ್ತ ದಿನ ಅಮ್ಮ ದೇವರ ಮುಂದೆ ಅಡ್ಡಬಿದ್ದಳು. ಅಕ್ಕ ಮಗುವನ್ನು ಎತ್ತಿ ಸಮಾಧಾನ ಮಾಡಿದಳು. ಆಮೇಲೆ ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಮಕ್ಕಳಿಲ್ಲದವಳು ಹೇಳಬಹುದೇ ಎಂದು ಯಾರೋ ಗೊಣಗಿದರು. ತಮ್ಮನಿಗೆ ಕೇಳಿಸದಿದ್ದರೂ ಮುಖ ನೋಡಿಯೇ ತಿಳಿಯಿತು. ಅಕ್ಕನ ರಟ್ಟೆ ಹಿಡಿದು ತಂದು ತೊಟ್ಟಿಲ ಮುಂದೆ ಕೂರಿಸಿದ. ಹೆಸರೂ ನೀನೇ ಆರಿಸು ಎಂದು ಸನ್ನೆ ಮಾಡಿದ. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. ಬಗ್ಗಿ ಮೂರು ಸಲ ಹೇಳಿದಳು. ನಮ್ಮ ಮನೆತನದಲ್ಲಿ ಎಂದೂ ಇರದ ಹೆಸರು. ಅದು ಕಿವಿಗೆ ಬೀಳುತ್ತಲೇ, ಹಿಂದೆ ನಿಂತಿದ್ದ ಮಾವ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಹೊರಟುಹೋದ.

ಸಂಜೆ ಬಾಳೆಲೆ ಎತ್ತಿ ಹಾಕುವಾಗ ಆ ಹೆಸರು ಎಲ್ಲಿಂದ ಹೊಳೆಯಿತು ಎಂದು ಕೇಳಿದೆ.

"ಆ ಕ್ಯಾಂಪಲ್ಲಿ ಮಕ್ಕಳಿಲ್ಲದವರಿಗೆ ಆಪರೇಷನ್ ಮಾಡ್ತಿರಲಿಲ್ಲ. ಮೂರು ಮಕ್ಕಳಿದಾರೆ ಅಂತ ಇವರು ಸುಳ್ಳು ಹೇಳಿದ್ರಂತೆ. ಹೆಸರು ಹೇಳಿ ಅಂದಾಗ ನಿಂತ ಕಾಲಲ್ಲೇ ಮೂರು ಹೆಸರು ಹೇಳಿ ಬಂದ್ರು" ಎಂದಳು ಅಕ್ಕ. "ದೊಡ್ಡವಳ ಹೆಸರು ಇದು. ಇನ್ನೆರಡು ಗಂಡು."