ಕಾಲುಚೀಲದ ಕಳ್ಳ

ಮಾನ್ಯರೇ, ನಾನು ಪರದೇಶದಲ್ಲಿ ಕಾಲುಚೀಲ ಕದ್ದವನು. ಕಾಲು ಚೀಲ ಶೇಂಗಾ ಅಲ್ಲ, ಪಾದಕ್ಕೆ ಹಾಕುವ ಉಣ್ಣೆಯದು. ಅದೂ ಒಂದೇ ಒಂದು. ಇವತ್ತಿನವರೆಗೂ ಸಿಕ್ಕಿಬಿದ್ದಿಲ್ಲ ಎಂಬುದು ನನ್ನ ಹೆಮ್ಮೆ.

ಮೊನ್ನೆ ಕೊಟ್ಟೂರಿನಲ್ಲಿ ತಂಗಿ ತನ್ನ ಮಗಳ ಸ್ವೆಟರ್ ಒಗೆಯುತ್ತಿದ್ದಳು. ಒದ್ದೆ ಉಣ್ಣೆಯ ವಾಸನೆಗೆ ಎಲ್ಲ ನೆನಪಾಯಿತು. ನಾವಿಬ್ಬರೂ ಚಿಕ್ಕವರಿದ್ದಾಗ ಅಪ್ಪ ಅವ್ವನ ಜೊತೆ ಪಶುಪತಿನಾಥನ ದರ್ಶನದ ನೆಪದಲ್ಲಿ ನೇಪಾಳಕ್ಕೆ ಹೋಗಿದ್ದೆವು. ಯಾತ್ರೆಯ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಚಳಿಗೆ ನಡುಗುತ್ತಿದ್ದ ನಮ್ಮ ನಾಲ್ವರನ್ನು ಗುರುತಿಲ್ಲದ ಹೆಂಗಸೊಬ್ಬಳು ಮನೆಗೆ ಕರೆದು ಬಿಸಿ ಅನ್ನ ಬಡಿಸಿದಳು.

"ನಮ್ಮ ದನದ ಕೊಟ್ಟಿಗಿ ಇದಕ್ಕಿಂತ ದೊಡ್ಡದೈತಿ" ಎಂದು ಅಪ್ಪ ಉಣ್ಣುತ್ತಲೇ ನಕ್ಕ.

"ಸುಮ್ನ ಉಣ್ರಿ, ಬ್ಯಾಳಿ ಇಲ್ಲದಿದ್ರೂ ಸಾರು ಬಿಸಿ ಐತಿ" ಎಂದಳು ಅವ್ವ.

ಕನ್ನಡ ತಿಳಿಯದ ಆಕೆ ಹೊಗಳಿಕೆಯೆಂದುಕೊಂಡು ಇನ್ನಷ್ಟು ಬಡಿಸಿದಳು.

ಒಲೆಯ ಬಳಿ ಒಣಗುತ್ತಿದ್ದ ಕಾಲುಚೀಲದ ಜೋಡಿಯಲ್ಲಿ ಒಂದನ್ನು ನಾನು ನಮ್ಮ ಚೀಲಕ್ಕಿಳಿಸಿದೆ. ಹೊರಡುವಾಗ ಆಕೆ ಇನ್ನೊಂದನ್ನೂ ತಂದು, ಇದನ್ನೂ ಇಟ್ಟುಕೊಳ್ಳಿ ಎಂಬಂತೆ ನಗುತ್ತ ಮಕ್ಕಳಾದ ನಮ್ಮಿಬ್ಬರ ಮುಂದೆ ಹಿಡಿದಳು.

"ಯಾರಲೇ ಕದ್ದಿದ್ದು?" ಅಪ್ಪ ಗುಡುಗಿದ.

ನಾನು ಆರು ವರ್ಷದ ತಂಗಿಯತ್ತ ಬೆರಳು ಮಾಡಿದೆ. ಅಪ್ಪನ ಏಟಿಗೆ ಬಿದ್ದವಳನ್ನು ಎತ್ತಿ ಕಣ್ಣೊರೆಸಿದ್ದು ಆ ಪರದೇಶದವಳೇ.

ಮನೆಯವರೆಲ್ಲ ಹೇಳಿ ಹೇಳಿ, ಈಗ ತಂಗಿಯೂ ಅದನ್ನು ನಂಬಿದ್ದಾಳೆ. ಸ್ವೆಟರ್ ಹಿಂಡುತ್ತ ಕೇಳಿದಳು: "ಅಣ್ಣಾ, ಅವತ್ತು ಕದ್ದು ನಿಮ್ಮೆಲ್ಲರ ಮಾನ ಕಳದೆನಲ್ಲ, ಈಗ್ಲೂ ಸಿಟ್ಟೈತೇನು?"

"ಹೋಗ್ಲಿ ಬಿಡವ್ವ, ಸಣ್ಣಾಕಿ ಇದ್ದಿ" ಎಂದು ನಾನು ಅವಳನ್ನು ಕ್ಷಮಿಸಿಬಿಟ್ಟೆ.