ಎಲಚಿ ಗಿಡಕ್ಕೆ ಹಾಕಿದ ಬೇಲಿ

ಹೇರೋಹಳ್ಳಿಯ ನಮ್ಮ ಸೈಟಿನಲ್ಲಿ ಇನ್ನೂ ಮನೆ ಎದ್ದಿಲ್ಲ. ಅಲ್ಲಿ ಕುರುಚಲು ಗಿಡಗಳದ್ದೇ ಸಂಸಾರ. ಅವುಗಳಲ್ಲಿ ನಾಲ್ಕು ಎಲಚಿ. ಸಂಕ್ರಾಂತಿಯ ದಿನ ಮಗುವಿನ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು ಎರೆಯುವುದು ನಮ್ಮಲ್ಲಿ ಪದ್ಧತಿ. ಮಗಳು ಬಸುರಿಯಾದಾಗಲೇ ತೀರ್ಮಾನಿಸಿಬಿಟ್ಟೆ: ಹುಟ್ಟುವ ಮಗುವಿಗೆ ಮಾರ್ಕೆಟ್ಟಿನ ಹಣ್ಣು ಬೇಡ, ಈ ಗಿಡದ್ದೇ ಆಗಬೇಕು.

ಅಡ್ಡಿಯೆಂದರೆ ಮೇಕೆಗಳು. ಪಕ್ಕದ ಹಳೇ ಮನೆಯ ಅಜ್ಜಿಯೊಬ್ಬರು ತಮ್ಮ ಆರು ಮೇಕೆಗಳನ್ನು ದಿನಾ ಅಲ್ಲೇ ಮೇಯಿಸುತ್ತಿದ್ದರು. ಮೂವತ್ತು ವರ್ಷ ಪಾಠ ಮಾಡಿದ ಬಾಯಿ ನನ್ನದು, ಸುಮ್ಮನಿರುತ್ತದೆಯೇ? ಅಜ್ಜಿಯನ್ನು ಗದರಿಸಿ, ಮಳೆಗಾಲದಲ್ಲಿ ಸೈಟಿಗೆ ಮುಳ್ಳುತಂತಿ ಬೇಲಿ ಹಾಕಿಸಿದೆ.

"ಹುಲ್ಲು ತಿನ್ನೋರು ಇಲ್ದಿದ್ರೆ ಬೇಸಿಗೇಲಿ ಬೆಂಕಿ ಬೀಳ್ತದೆ, ಟೀಚರಮ್ಮ" ಎಂದರು ಅಜ್ಜಿ.

"ನಿಮ್ಮ ಮೇಕೆ ನೀವು ನೋಡ್ಕೊಳ್ಳಿ" ಎಂದೆ.

ಹುಲ್ಲು ಎದೆಮಟ್ಟ ಬೆಳೆದು ಒಣಗಿತು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಯಾರೋ ಕಸಕ್ಕೆ ಹಚ್ಚಿದ ಬೆಂಕಿ ಬೇಲಿಯೊಳಗೆ ನುಗ್ಗಿತು. ಸುದ್ದಿ ತಿಳಿದು, ನಾವಿರುವ ಆರ್‌ಪಿಸಿ ಲೇಔಟಿನಿಂದ ನಾನು ಆಟೋ ಹಿಡಿದು ಬರುವಷ್ಟರಲ್ಲಿ ಎಲಚಿ ಗಿಡಗಳು ಕರಿ ಕಡ್ಡಿಗಳಾಗಿದ್ದವು. ಬೇಲಿಯಾಚೆ, ಮೇಕೆ ಮೇಯ್ದ ಜಾಗದಲ್ಲಿ, ಉರಿಯಲು ಹುಲ್ಲೇ ಇರಲಿಲ್ಲ. ಅಲ್ಲಿನ ಪೊದೆಗಳಿಗೆ ಏನೂ ಆಗಿರಲಿಲ್ಲ. ನನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಂಡೆ.

ತಪ್ಪು ತಿದ್ದಿಕೊಳ್ಳುವ ಆತುರ ಬೇರೆ. ಮರುದಿನವೇ ತಂತಿ ಬಿಚ್ಚಿ, "ಇನ್ಮೇಲೆ ಮೇಕೆ ಇಲ್ಲೇ ಬಿಡಿ ಅಜ್ಜಿ" ಎಂದೆ.

ಅಜ್ಜಿ ಒಂದು ಬುಡದ ಹತ್ತಿರ ಕೂತು ಉಗುರಿನಿಂದ ಕೆರೆದರು. ಬೂದಿಯ ಕೆಳಗೆ ಎಳೆ ಹಸಿರು.

"ಬೇರು ಸತ್ತಿಲ್ಲ. ಚಿಗುರಿದ್ ತಕ್ಷಣ ಮೇಕೆ ಬಾಯಿ ಹಾಕಿದ್ರೆ ಸತ್ತೋಯ್ತದೆ. ಒಂದು ಮಳೆಗಾಲ ಬಿಡಿ."

ನಾನು ಬಿಚ್ಚಿದ ತಂತಿಯನ್ನು ಅವರೇ ಮತ್ತೆ ಬಿಗಿದರು.

ಯುಗಾದಿಯ ನಂತರದ ಒಂದೇ ಮಳೆಗೆ ಆ ಕರಿ ಬುಡಗಳಿಂದ ಚಿಗುರು ಒಡೆಯಿತು. ಅಷ್ಟರಲ್ಲಿ ಸುತ್ತಲ ಬಯಲಿಗೆ ಜೆಸಿಬಿ ಬಂದು ಅಜ್ಜಿಗೆ ಬೇರೆ ಮೇವಿನ ಜಾಗವೇ ಉಳಿಯಲಿಲ್ಲ. ಆದರೂ ಅವರು ಮೇಕೆಗಳನ್ನು ಕಟ್ಟಿಹಾಕಿ, ದೂರದಿಂದ ಸೊಪ್ಪು ಹೊತ್ತು ತಂದರು. ನಮ್ಮ ಸೈಟಿನಲ್ಲಿ ಹುಲ್ಲು ಎದ್ದಾಗ ಕುಡುಗೋಲು ಹಿಡಿದು ಹುಲ್ಲನ್ನಷ್ಟೇ ಕೊಯ್ದರು, ಒಂದು ಎಲಚಿ ಚಿಗುರೂ ಮುಟ್ಟದೆ. ಹಸಿದ ಮೇಕೆ ಅರಚುವುದನ್ನು ಕೇಳಿಕೊಂಡು ಇಷ್ಟು ತಾಳ್ಮೆ ಹೇಗೆ ಬಂತೋ, ನನಗಂತೂ ಇವತ್ತಿಗೂ ಬೆರಗು.

ಸಂಕ್ರಾಂತಿಗೆ ಸಿಕ್ಕಿದ್ದು ಒಂದು ಹಿಡಿ ಹಣ್ಣು. ಹತ್ತು ತಿಂಗಳ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮೊದಲು ನೀವೇ ಎರೀರಿ" ಎಂದು ಅಜ್ಜಿಯ ಕೈಗೆ ಕೊಟ್ಟೆ.

ಸಂಜೆ ಅಜ್ಜಿ ಗಿಡಗಳನ್ನೊಮ್ಮೆ ಅಲುಗಿಸಿ ನೋಡಿ, ತಂತಿ ಬಿಚ್ಚಿದರು. ಮೇಕೆಗಳು ನನ್ನನ್ನು ತಳ್ಳಿಕೊಂಡೇ ನುಗ್ಗಿದವು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.