ಮೂರನೆಯ ಉಳಿ

ದೆವ್ವ, ಗಾಳಿ ಎಂದರೆ ನಗುತ್ತಿದ್ದವನು ನಾನು. ಈಗಲೂ ನಂಬುವುದಿಲ್ಲ ಎಂದೇ ಹೇಳುತ್ತೇನೆ, ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳಲಾರೆ. ನೀವು ನಂಬಬೇಕೆಂಬ ಹಟವೂ ನನಗಿಲ್ಲ.

ಯುದ್ಧದ ಕಾಲ. ಹಳ್ಳಿಗಳ ಕಸುಬುಗಳನ್ನು ವಿಚಾರಿಸಿ ಬರೆದುಕೊಂಡು ಬರುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತ್ತು. ಯಾವ ಮನೆಯಲ್ಲಿ ಎಷ್ಟು ಜನ ದುಡಿಯುತ್ತಾರೆ, ಏನು ತಯಾರಿಸುತ್ತಾರೆ, ಎಲ್ಲಿ ಮಾರುತ್ತಾರೆ, ಇಷ್ಟೇ ಪ್ರಶ್ನೆ. ಕೇಳುವುದು ಸುಲಭ, ಉತ್ತರ ಹೊರಡಿಸುವುದು ಪ್ರಾಣಸಂಕಟ. ಕಾಗದ ಹಿಡಿದು ಬಂದವನು ತೆರಿಗೆ ಹಾಕಲು ಬಂದ, ಇಲ್ಲವೇ ಗಂಡಸರನ್ನು ಸೈನ್ಯಕ್ಕೆ ಸೇರಿಸಲು ಬಂದ ಎಂದೇ ಎಲ್ಲರ ಲೆಕ್ಕ. ತಾಯಲೂರಿನಲ್ಲಿ ಒಬ್ಬ ಯಜಮಾನ ತನ್ನ ಮನೆಯಲ್ಲಿ ಗಾಣವೇ ಇಲ್ಲವೆಂದು ಬಾಗಿಲಲ್ಲಿ ನಿಂತು ಆಣೆ ಮಾಡಿದ; ಹಿತ್ತಲಿನಿಂದ ಗಾಣದ ಕಿರ್ರೆನ್ನುವ ಸದ್ದು ಕೇಳಿಸುತ್ತಲೇ ಇತ್ತು. ಅಂದಿನಿಂದ ನಾನು ಜನರ ಬಾಯಿಗಿಂತ ನನ್ನ ಕಿವಿಯನ್ನೇ ನಂಬತೊಡಗಿದೆ. ಪ್ರಶ್ನೆ ಕೇಳುವ ಮೊದಲು ಹೊರಗೆ ಕುಳಿತು, ಒಳಗಿನ ಸದ್ದುಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದೆ. ಬಹಳ ಜಾಣತನವೆಂದು ನನಗೆ ಅನ್ನಿಸಿತ್ತು.

ಶಿವಾರಪಟ್ಟಣಕ್ಕೆ ಹೋದದ್ದು ಒಂದು ಮಧ್ಯಾಹ್ನ. ವಿಗ್ರಹ ಕೆತ್ತುವ ಒಂದು ಮನೆಯ ಹಿಂದೆ ಗರಿಯ ಚಪ್ಪರವಿತ್ತು. ಅದರ ತಡಿಕೆಯ ಹೊರಗೆ ಹುಣಸೆ ಮರದ ನೆರಳಿನಲ್ಲಿ ಕುಳಿತೆ. ನಡೆದು ದಣಿದಿದ್ದೆ. ಬಿಸಿಲು, ನೆರಳು, ಒಳಗಿನ ಉಳಿಯ ಸದ್ದು ಎಲ್ಲ ಒಂದರೊಳಗೊಂದು ಕರಗಿ ಕಣ್ಣು ಎಳೆಯುತ್ತಿತ್ತು. ಒಂದು ಉಳಿಯದು ದಪ್ಪ ಸದ್ದು, ಇನ್ನೊಂದರದು ಅವಸರದ ಸದ್ದು. ಮೂರನೆಯದು ಮೆಲ್ಲಗೆ, ತಡೆದು ತಡೆದು, ಯಾರೋ ಯೋಚಿಸುತ್ತ ಕೆತ್ತುವ ಹಾಗೆ. ಅದರಲ್ಲಿ ಎಷ್ಟು ಹೊತ್ತು ತೇಲಿದೆನೋ ತಿಳಿಯದು. ಕೆಲಸಗಾರರು ಮೂವರು ಎಂದು ಬರೆದೆ.

ಒಳಗೆ ಹೋದರೆ ಇದ್ದವರು ಇಬ್ಬರೇ, ನಡುವಯಸ್ಸಿನ ಅಣ್ಣತಮ್ಮಂದಿರು. ಮೂರನೆಯವನನ್ನು ಬಚ್ಚಿಟ್ಟಿದ್ದಾರೆಂದು ನನಗೆ ಕೋಪ ಬಂತು. ಮೂರು ಉಳಿಯ ಸದ್ದು ಕೇಳಿ ಬರೆದುಕೊಂಡಿದ್ದೇನೆ, ಸುಳ್ಳು ಹೇಳಬೇಡಿ ಎಂದು ಗದರಿದೆ.

"ನಾವಿಬ್ರೇ ಸ್ವಾಮಿ," ಎಂದ ಅಣ್ಣ. ತನ್ನ ಮಗ ಯುದ್ಧಕ್ಕೆ ಹೋಗಿದ್ದಾನೆ, ವರ್ಷದಿಂದ ಕಾಗದವಿಲ್ಲ ಎಂದ. ಮೂಲೆಯಲ್ಲಿ ಆ ಮಗ ಅರ್ಧ ಕೆತ್ತಿ ಬಿಟ್ಟ ದೇವಿಯ ವಿಗ್ರಹವಿತ್ತು. ಒಬ್ಬರು ಹಿಡಿದ ಕಲ್ಲಿಗೆ, ಅವರು ಬದುಕಿರುವ ತನಕ, ಇನ್ನೊಬ್ಬರು ಉಳಿ ಹಚ್ಚುವುದಿಲ್ಲವಂತೆ ಆ ಮನೆಯಲ್ಲಿ. ವಿಗ್ರಹ ಮಾಡಲು ಹೇಳಿದ್ದ ಊರಿನವರು ಇನ್ನು ಕಾಯಲಾರೆವು ಎಂದಿದ್ದರು. ಅವತ್ತೇ ತಂದೆ ಅದಕ್ಕೆ ಉಳಿ ಹಚ್ಚುವುದೆಂದು ತೀರ್ಮಾನವಾಗಿತ್ತು.

ಅಷ್ಟರಲ್ಲಿ ಅಣ್ಣನ ಹೆಂಡತಿ, ಆ ಮಗನ ತಾಯಿ, ಬಾಗಿಲಿಗೆ ಬಂದಳು. ನನ್ನ ಮಾತು ಅವಳ ಕಿವಿಗೆ ಬಿದ್ದಿತ್ತು.

"ಮೂರನೇದು ಯಾವ ಕಡೆಯಿಂದ ಕೇಳಿಸ್ತು ಸ್ವಾಮಿ?"

ನಾನು ಮೂಲೆಯನ್ನು ತೋರಿಸಿದೆ. ತೋರಿಸಿದ ಮೇಲೆ ನೋಡಿದೆ, ಅಲ್ಲಿದ್ದದ್ದು ಆ ಅರ್ಧ ಕೆತ್ತಿದ ವಿಗ್ರಹವೊಂದೇ. ಅವಳು ಗಂಡನ ಕಡೆ ತಿರುಗಿ, "ಆ ಕಲ್ಲು ಮುಟ್ಬೇಡಿ" ಎಂದಳು. ಅವನು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಆಮೇಲೆ ಅವಳು, ಮೂವರೆಂದು ಬರೆದದ್ದನ್ನು ಅಳಿಸಬೇಡಿ ಎಂದು ನನ್ನನ್ನು ಬೇಡಿಕೊಂಡಳು. ಅಳಿಸಲಿಲ್ಲ.

ಹೆಸರು ಎರಡು, ಆಳು ಮೂರು, ಇದೇನೆಂದು ಕಚೇರಿಯಲ್ಲಿ ಕೇಳಿದರು. ಎಣಿಸಿಯೇ ಬರೆದಿದ್ದೇನೆ ಎಂದೆ. ತೂಕಡಿಕೆಯಿರಬಹುದು, ಕಲ್ಲಿನಿಂದ ಕಲ್ಲಿಗೆ ತಾಗಿದ ಮಾರ್ದನಿಯಿರಬಹುದು. ಆದರೆ ಮಾರ್ದನಿ ಯೋಚಿಸುತ್ತ ತಡೆಯುವುದಿಲ್ಲವಲ್ಲ. ನನ್ನ ಮಾತಿನಿಂದ ಆ ತಾಯಿಗೆ ಒಳ್ಳೆಯದಾಯಿತೋ, ಬರದವನಿಗಾಗಿ ಕಾಯುವಂತಾಯಿತೋ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಯುದ್ಧ ಮುಗಿದ ಮೇಲೆ ಒಮ್ಮೆ ನಾನು ಕುಳಿತಿದ್ದ ಬಸ್ಸು ಶಿವಾರಪಟ್ಟಣದಲ್ಲಿ ನಿಂತಿತು. ಇಳಿದು ಕೇಳಿದ್ದರೆ ಆ ಮಗ ಬಂದನೋ ಇಲ್ಲವೋ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಊರೂರು ಅಲೆದು, ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳಿದವನು ನಾನು. ಆ ಒಂದನ್ನು ಕೇಳಲು ಧೈರ್ಯ ಬರಲಿಲ್ಲ. ಬಸ್ಸು ಹೊರಟಿತು.